ಉಚ್ಚಿಲದ ಕೆಂಪು ಚೌಕ

ನಮ್ಮ ಸರ್ ಒಮ್ಮೆ ಕಾರ್ಕಳದ ಮದುವೆ ಹಾಲ್‌ನಲ್ಲಿ ಹೆಂಡತಿಯನ್ನು ಮರೆತು ಮನೆಗೆ ಬಂದದ್ದು ನಿಜ. ಈ ಕಥೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ನಾನು ಅವರ ಬಾಯಿಂದಲೇ ಕೇಳಿದ್ದು ಹೀಗೆ: ಊಟ ಮುಗಿಯಿತು, ವಧೂವರರಿಗೆ ಕೈಮುಗಿದರು, ಕಾರು ಹತ್ತಿದರು, ಮನೆ ತಲುಪಿದರು. ಬಾಗಿಲಿಗೆ ಬೀಗ ಇತ್ತು. ಬೀಗದ ಕೈ ಯಾರಲ್ಲಿರಬಹುದು ಎಂದು ಜಗಲಿಯಲ್ಲಿ ಕೂತು ಯೋಚಿಸುವಾಗ ಹೆಂಡತಿಯ ನೆನಪಾಯಿತು.

"ಬೀಗ ಹಾಕದೆ ಹೋಗಿದ್ದರೆ ಸಂಜೆವರೆಗೆ ಗೊತ್ತಾಗ್ತಿರ್ಲಿಲ್ಲ," ಎನ್ನುತ್ತಿದ್ದರು. ನಗಿಸಲಿಕ್ಕೆ ಹೇಳುತ್ತಿದ್ದದ್ದಲ್ಲ. ಬೀಗದಿಂದ ಏನು ಉಪಯೋಗ ಎಂದು ವಿವರಿಸಲಿಕ್ಕೆ ಹೇಳುತ್ತಿದ್ದರು.

ಕಳೆದ ತಿಂಗಳು ಅವರು ತೀರಿಹೋದರು. ಪೇಪರಿನಲ್ಲಿ ಸಣ್ಣದೊಂದು ಫೋಟೋ ಬಂದಿತ್ತು. 'ಹಿರಿಯ ವಿಮಾ ಪ್ರತಿನಿಧಿ, ಸರಳ ಸಜ್ಜನ' ಎಂದು ಕೆಳಗೆ ಬರೆದಿತ್ತು. ಸಜ್ಜನ ಎನ್ನುವುದು ಸರಿ. ಸರಳ ಎಂದು ಬರೆದವರು ಅವರ ಹತ್ತಿರ ಕೆಲಸ ಮಾಡಿದವರಲ್ಲ.

ಉಡುಪಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವರ ವಿಮಾ ಏಜೆನ್ಸಿ ಇತ್ತು. ವಾಹನ, ದೋಣಿ, ಅಂಗಡಿ, ಅಪಘಾತ, ಆಸ್ಪತ್ರೆ ಖರ್ಚು, ಹೀಗೆ ಮನುಷ್ಯನಿಗೆ ಏನೇನು ಕೆಟ್ಟದ್ದಾಗಬಹುದೋ ಅದಕ್ಕೆಲ್ಲ ನಮ್ಮಲ್ಲಿ ಒಂದೊಂದು ಪಾಲಿಸಿ ಇತ್ತು. ನಾನು ಅಂಬಲಪಾಡಿಯಿಂದ ನಡೆದುಕೊಂಡು ಬಂದು ಅಲ್ಲಿ ಕಂಪ್ಯೂಟರಿನ ಕೆಲಸ ನೋಡಿಕೊಳ್ಳುತ್ತಿದ್ದೆ. ಸರ್ ದಿನಾ ಕಾರ್ಕಳದಿಂದ ಬಂದು ಹೋಗುತ್ತಿದ್ದರು. ಅವರದ್ದು ಜೈನರ ಮನೆ. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಕಾರ್ಕಳಕ್ಕೆ ಹೋಗಿ ತಲುಪುವಾಗ ಕತ್ತಲಾಗುವುದರಿಂದ ರಾತ್ರಿಯ ಊಟವನ್ನು ಡಬ್ಬಿಯಲ್ಲಿ ತಂದು, ಸಂಜೆ ಆಫೀಸಿನಲ್ಲೇ ತಮ್ಮ ಮೇಜಿನ ಮೇಲೆ ಬಿಚ್ಚುತ್ತಿದ್ದರು. ಆ ಹೊತ್ತಿಗೆ ಗಿರಾಕಿಗಳು ಬಂದರೆ ಕೂರಲು ಹೇಳಿ, ಉಣ್ಣುತ್ತಲೇ ಅಪಘಾತ ಹೇಗಾಯಿತು ಎಂದು ವಿಚಾರಿಸುತ್ತಿದ್ದರು. ಗಿರಾಕಿಗಳಿಗೂ ಅಭ್ಯಾಸವಾಗಿತ್ತು.

ಮರೆವು ಅವರಿಗೆ ಹುಟ್ಟಿನಿಂದಲೇ ಬಂದದ್ದು. ಕೊಡೆ, ಕನ್ನಡಕ, ಗಿರಾಕಿಯ ಹೆಸರು, ಯಾವುದೂ ನಿಲ್ಲುತ್ತಿರಲಿಲ್ಲ. ಒಮ್ಮೆ ಕಾಪುವಿನ ಟೆಂಪೋದವರೊಬ್ಬರಿಗೆ 'ಪಾಲಿಸಿ ಮುಗಿಯುತ್ತಾ ಉಂಟು' ಎಂದು ಫೋನ್ ಮಾಡಲು ಮರೆತರು. ಪಾಲಿಸಿ ಮುಗಿಯಿತು, ಅದಾದ ಮೇಲೆ ಟೆಂಪೋ ಮಗುಚಿತು. ಆ ಮನುಷ್ಯ ಆಫೀಸಿಗೆ ಬಂದು ಜಗಳವಾಡಲಿಲ್ಲ. ಮುರಿದ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದು, "ಸರ್, ನೀವು ಹೇಳ್ತೀರಿ ಅಂತ ನಾನು ನೆನಪಿಟ್ಟುಕೊಳ್ಳಲಿಲ್ಲ," ಎಂದ. ಸರ್ ಟೆಂಪೋವನ್ನು ತಮ್ಮ ಖರ್ಚಿನಲ್ಲೇ ರಿಪೇರಿ ಮಾಡಿಸಿಕೊಟ್ಟರು. ಮರುದಿನ ನನ್ನನ್ನು ಕರೆದು, "ನೆನಪಿಟ್ಟುಕೊಳ್ಳುವ ಎಂತಾದರೂ ಮಾರಾಟಕ್ಕೆ ಸಿಗ್ತದಾ ನೋಡು ಮಾರಾಯ್ತಿ," ಎಂದರು.

ಹಾಗೆ ಮಣಿಪಾಲದ ಒಂದು ಸಣ್ಣ ಕಂಪನಿಯಿಂದ ಸಾಫ್ಟ್‌ವೇರ್ ಬಂತು. ಕಲಿಸಿಕೊಡಲು ಬಂದ ಹುಡುಗಿ ಎದುರಿನ ಗೋಡೆಗೆ ದೊಡ್ಡ ಟಿವಿಯೊಂದನ್ನು ಹಾಕಿಸಿ, ಅದರಲ್ಲಿ ಡ್ಯಾಶ್‌ಬೋರ್ಡ್ ತೆರೆದು ತೋರಿಸಿದಳು. ಪರದೆ ತುಂಬ ಚೌಕಗಳು. ಈ ವಾರ ಮುಗಿಯುವ ಪಾಲಿಸಿಗಳು, ಆಗಲೇ ಮುಗಿದುಹೋದವು, ಯಾವ ಏಜೆಂಟ್ ಯಾರಿಗೆ ಫೋನ್ ಮಾಡಿದ, ಯಾವ ಕ್ಲೇಮು ಎಲ್ಲಿ ನಿಂತಿದೆ ಎಲ್ಲವೂ ಅದರಲ್ಲಿ. ಕೆಲಸ ಸರಿಯಾಗಿದ್ದರೆ ಹಸಿರು, ತಡವಾಗುತ್ತಿದ್ದರೆ ಹಳದಿ, ತಡವಾಗಿಹೋಗಿದ್ದರೆ ಕೆಂಪು. ಕೆಂಪಾದದ್ದು ತಾನಾಗಿಯೇ ಮೇಲಿನ ಸಾಲಿಗೆ ಏರಿ ಕೂರುತ್ತಿತ್ತು.

ಸರ್ ಕುರ್ಚಿ ಎಳೆದುಕೊಂಡು ಅದರ ಮುಂದೆ ಬಹಳ ಹೊತ್ತು ಕೂತರು. ಕೊನೆಗೆ, "ಇದು ನನಗಿಂತ ಒಳ್ಳೆಯ ಮನುಷ್ಯ," ಎಂದರು.

ಅಂದಿನಿಂದ ಅವರಿಗೆ ಬೋರ್ಡು ಎಂದರೆ ಅದೊಂದೇ. ಬೆಳಿಗ್ಗೆ ಬಂದವರು ಮೊದಲು ನಮ್ಮ ಕಡೆ ನೋಡುತ್ತಿರಲಿಲ್ಲ, ಬೋರ್ಡಿನ ಕಡೆ ನೋಡುತ್ತಿದ್ದರು. ಹಸಿರು ಚೌಕಗಳಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. "ಹಸಿರು ಅಂದ್ರೆ ನಾವು ನೋಡದಿದ್ದರೂ ಆಗ್ತದೆ ಅಂತ. ನೋಡದಿದ್ದರೆ ಆಗದ್ದು ಯಾವುದು, ಅದನ್ನು ಹೇಳಿ," ಎನ್ನುತ್ತಿದ್ದರು. ಮನೆಗೂ ಇದೇ ಏರ್ಪಾಡು ಮಾಡಬೇಕೆಂದು ಮಣಿಪಾಲದ ಹುಡುಗಿಯಿಂದ ಹೆಂಡತಿಗೊಂದು ಲಾಗಿನ್ ಮಾಡಿಸಿದರು. ಗ್ಯಾಸು, ಹಾಲು, ಔಷಧಿ ಎಲ್ಲ ಅದರಲ್ಲಿ ಹಾಕಬೇಕೆಂದು ಹೇಳಿಕೊಟ್ಟರು. ಅವರ ಹೆಂಡತಿ 'ಅಡುಗೆಮನೆಯ ಬಲ್ಬು' ಎಂದು ಒಂದೇ ಒಂದು ಚೌಕ ಮಾಡಿದರು. ಅದು ಹಳದಿಯಾಯಿತು, ಆಮೇಲೆ ಕೆಂಪಾಯಿತು, ಆಫೀಸಿನ ಬೋರ್ಡಿನಲ್ಲೇ ಮೇಲಿನ ಸಾಲಿಗೆ ಏರಿತು. ಗಿರಾಕಿಗಳೆಲ್ಲ ಅದನ್ನು ಓದತೊಡಗಿದರು. ಬಲ್ಬು ಬದಲಾಯಿತು. ಅಂದೇ ಲಾಗಿನ್ ಬಂದ್ ಆಯಿತು.

ಏಜೆಂಟರಿಗೆ ಬೋರ್ಡೆಂದರೆ ಭಯ. ಭಯ ಇದ್ದಲ್ಲಿ ಉಪಾಯವೂ ಇರುತ್ತದೆ. ಕಾಪುವಿನ ನಮ್ಮ ಏಜೆಂಟ್ ತನ್ನ ಚೌಕಗಳನ್ನೆಲ್ಲ ಹಸಿರು ಮಾಡಲು ಯಾರಿಗೂ ಫೋನ್ ಮಾಡದೆ, ಎಲ್ಲರ ಎದುರಿಗೂ 'ಸಂಪರ್ಕಿಸಲಾಗಿದೆ, ಆಸಕ್ತಿ ಇಲ್ಲ' ಎಂದು ಒತ್ತಿಬಿಡುತ್ತಿದ್ದ. ಅವರಲ್ಲೊಬ್ಬರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಸರ್ ಅವನನ್ನು ಕರೆಸಿದರು. ಬೈಯಲಿಲ್ಲ.

"ತೀರಿಹೋದವರಿಗೆ ಆಸಕ್ತಿ ಇಲ್ಲದಿರುವುದು ಸರಿ," ಎಂದರು. "ಸಂಪರ್ಕ ಮಾಡಿದ್ದು ಹೇಗೆ, ಅದನ್ನು ಸ್ವಲ್ಪ ಹೇಳಿಕೊಡಿ."

ಅವರನ್ನು ನೆನೆಯುವಾಗ ಇಂಥವು ಬೇಕಾದಷ್ಟು ಬರುತ್ತವೆ. ಆದರೆ ನನಗೆ ಬರೆಯಬೇಕು ಅನಿಸಿದ್ದು ಉಚ್ಚಿಲದ ವಿಷಯ.

ಉಚ್ಚಿಲದಲ್ಲಿ ಸುಗಂಧಿ ಎಂಬ ಹೆಂಗಸು. ಗಂಡ ಮಲ್ಪೆಯ ಟ್ರಾಲರ್ ದೋಣಿಯೊಂದರಲ್ಲಿ ದುಡಿಯುತ್ತಿದ್ದ. ಮನೆಯಲ್ಲಿ ಇವರಿಬ್ಬರು ಮತ್ತು ಅವನ ತಾಯಿ. ಮಲ್ಪೆ ಬಂದರಿನಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದವನ ಪಕ್ಕದಲ್ಲಿ ಕೂತು ಅವನಿಗೊಂದು ಅಪಘಾತ ಪಾಲಿಸಿ ಮಾಡಿಸಿದ್ದು ಸರ್ ಅವರೇ. ಒಂದು ಸಂಜೆ ಆಳಸಮುದ್ರದಲ್ಲಿ ಬಲೆ ಎಳೆಯುವಾಗ ಹಗ್ಗ ಬಡಿದು ಅವನು ನೀರಿಗೆ ಬಿದ್ದ. ಜೊತೆಯವರು ಕಣ್ಣಾರೆ ಕಂಡರು. ಆ ರಾತ್ರಿಯೂ ಮರುದಿನವೂ ಹುಡುಕಿದರು, ಬೇರೆ ದೋಣಿಗಳೂ ಬಂದವು. ಸಿಗಲಿಲ್ಲ.

ಮನುಷ್ಯ ಸಿಗದಿದ್ದರೆ ವಿಮೆಯ ಹಣ ಬರುವುದು ಕಷ್ಟ, ವರ್ಷಗಟ್ಟಲೆ ಕಾಯಬೇಕು. ಆದರೆ ಬಿದ್ದದ್ದನ್ನು ಕಂಡವರಿದ್ದುದರಿಂದ ಇಲ್ಲಿ ದಾರಿ ಇತ್ತು. ಸರ್ ದೋಣಿಯವರ ಹೇಳಿಕೆ ಬರೆಸಿಕೊಂಡರು, ಪೊಲೀಸರ ವರದಿ ತಂದರು, ಕಚೇರಿಯಿಂದ ಕಚೇರಿಗೆ ಅಲೆದರು. ಕೊನೆಗೆ ಉಳಿದದ್ದು ಒಂದೇ. 'ನನ್ನ ಗಂಡ ಮೃತಪಟ್ಟಿದ್ದಾರೆ' ಎಂದು ಹೆಂಡತಿ ಸಹಿ ಮಾಡಬೇಕು.

ಹೆಂಗಸರಿಬ್ಬರೇ ಇರುವ ಮನೆಗೆ ಒಬ್ಬರೇ ಹೋಗುವುದು ಸರಿಯಲ್ಲವೆಂದು ಸರ್ ನನ್ನನ್ನೂ ಕರೆದುಕೊಂಡು ಹೋದರು. ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿದರೆ ಸಣ್ಣ ಹಂಚಿನ ಮನೆ. ಮುದುಕಿ ಬೆಲ್ಲ ನೀರು ತಂದಿಟ್ಟಳು. ಸುಗಂಧಿ ಕಾಗದವನ್ನು ಪೂರ್ತಿ ಓದಿದಳು. ಓದಿ ಸರ್ ಕೈಗೆ ವಾಪಸು ಕೊಟ್ಟಳು.

"ಬಿದ್ದದ್ದು ಹೌದು ಸರ್," ಎಂದಳು. "ಆದ್ರೆ ಹಿಂದೆಯೂ ಒಬ್ಬರು ಬಿದ್ದಿದ್ದರಂತೆ. ಬೇರೆ ರಾಜ್ಯದ ದೋಣಿಯವರಿಗೆ ಸಿಕ್ಕಿ, ಎಷ್ಟೋ ದಿನ ಆದ ಮೇಲೆ ಮನೆಗೆ ಬಂದರಂತೆ. ಹಾಗೆ ಬಂದವರು ಇದ್ದಾರಲ್ಲ?"

"ಇದ್ದಾರೆ," ಎಂದರು ಸರ್.

"ನಾನು ಸಹಿ ಹಾಕಿ, ಆಮೇಲೆ ಅವರು ಬಂದರೆ?"

ಸರ್ ಪೆನ್ನಿಗೆ ಮುಚ್ಚಳ ಹಾಕಿದರು. ಒಳಗೆ ಬಾಗಿಲ ಹತ್ತಿರ ಮುದುಕಿ ನಿಂತಿದ್ದಳು. ಬೆಲ್ಲ ನೀರು ಕುಡಿದು ನಾವು ಎದ್ದೆವು.

ಕ್ಲೇಮು ಹಳದಿಯಾಯಿತು. ಆಮೇಲೆ ಕೆಂಪಾಯಿತು. ಬೋರ್ಡಿನ ಮೇಲಿನ ಸಾಲಿನಲ್ಲಿ ಎಡಗಡೆಗೆ ಹೋಗಿ ಕೂತಿತು. ಅದರೊಳಗೆ ಬಾಕಿ ಇರುವ ದಿನಗಳ ಲೆಕ್ಕ ತಾನಾಗಿಯೇ ಏರುತ್ತಿತ್ತು. ಬೇರೆ ಕೆಂಪು ಚೌಕಗಳು ಬಂದು ಹೋದವು. ಅದು ಮಾತ್ರ ಅಲ್ಲೇ ಇತ್ತು.

ವಿಮಾ ಕಂಪನಿಯ ಏರಿಯಾ ಮ್ಯಾನೇಜರ್ ಮಂಗಳೂರಿನಿಂದ ಆಗಾಗ ಬರುತ್ತಿದ್ದರು. ಬಹಳ ವಿನಯದ ಮನುಷ್ಯ. ಒಂದು ಸಲ ಬಂದವರು ಬೋರ್ಡಿನ ಮುಂದೆ ನಿಂತು ನಾಲಿಗೆಯಿಂದ ಲೊಚ್ ಎಂದು ಸದ್ದು ಮಾಡಿದರು. ಆ ವರ್ಷ ಬಾಕಿ ಕ್ಲೇಮು ಇಲ್ಲದ ಏಜೆನ್ಸಿಗಳನ್ನು ಕಂಪನಿ ಥೈಲ್ಯಾಂಡಿಗೆ ಕರೆದುಕೊಂಡು ಹೋಗುವುದಿತ್ತು.

"ಸರ್, ಇದೊಂದು ಇಲ್ಲದಿದ್ದರೆ ನಿಮ್ಮದು ಮೊದಲ ಹೆಸರು. 'ದಾಖಲೆ ಬಂದಿಲ್ಲ' ಅಂತ ಹಾಕಿ ಕ್ಲೋಸ್ ಮಾಡಿ. ಅವರು ಸಹಿ ಹಾಕಿದ ದಿವಸ ಪುನಃ ಓಪನ್ ಮಾಡಿದ್ರಾಯ್ತು. ತಪ್ಪಿಲ್ಲ, ನಿಯಮದಲ್ಲೇ ಉಂಟು."

"ನಿಯಮದಲ್ಲಿ ಉಂಟು. ನನ್ನ ತಲೆಯಲ್ಲಿ ಇರುವುದಿಲ್ಲ," ಎಂದರು ಸರ್. "ಇಲ್ಲಿಂದ ಹೋದರೆ ನನ್ನ ತಲೆಯಿಂದಲೂ ಹೋಯ್ತು. ನಾನು ಹೆಂಡತಿಯನ್ನು ಮದುವೆ ಹಾಲ್‌ನಲ್ಲಿ ಬಿಟ್ಟು ಬಂದವನು."

ಏರಿಯಾ ಮ್ಯಾನೇಜರಿಗೆ ಈ ಕಥೆ ಗೊತ್ತಿರಲಿಲ್ಲ. "ಹೌದಾ ಸರ್," ಎಂದರು.

"ಅವಳಾದ್ರೆ ಹಾಲ್‌ನಿಂದ ಫೋನಾದರೂ ಮಾಡ್ತಿದ್ದಳು. ಈ ಉಚ್ಚಿಲದವರು ಮಾಡುವುದಿಲ್ಲ."

"ಫಿಲ್ಟರ್ ಹಾಕಿ ಬಚ್ಚಿಡ್ಲಿಕ್ಕಾದರೂ ಆಗ್ತದೆ ಸರ್. ಕ್ಲೋಸ್ ಮಾಡುವುದು ಬೇಡ, ಕಾಣದ ಹಾಗೆ ಮಾಡಿದರೆ ಸಾಕು."

"ಕಾಣದ ಹಾಗೆ ಮಾಡ್ಲಿಕ್ಕೆ ಬೋರ್ಡು ಎಂತಕ್ಕೆ? ಗೋಡೆಯೇ ಇತ್ತಲ್ಲ," ಎಂದರು ಸರ್.

ಆ ವರ್ಷ ಥೈಲ್ಯಾಂಡಿಗೆ ಹೋದದ್ದು ಕುಂದಾಪುರದ ಕಡೆಯ ಒಂದು ಏಜೆನ್ಸಿಯವರು. ನಮಗೆ ಒಂದು ಗೋಡೆ ಗಡಿಯಾರ ಬಂತು. ನಮ್ಮಲ್ಲಿ ಪಾಸ್‌ಪೋರ್ಟ್ ಮಾಡಿಸಿಟ್ಟವರಿದ್ದರು. ಅವರು ಕೆಲವು ದಿನ ಸರ್ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಮಾತನಾಡಲಿಲ್ಲ. ಸರ್ ಗಡಿಯಾರವನ್ನು ಬೋರ್ಡಿನ ಮೇಲೇ ಹಾಕಿಸಿ, ಊಟದ ಹೊತ್ತು ನೋಡಲು ಅನುಕೂಲವಾಯಿತು ಎಂದರು. ಮರುವರ್ಷವೂ ಹಾಗೆಯೇ ಆಯಿತು. ಆಗ ಬಂದದ್ದು ಚಹಾದ ಕಪ್ಪುಗಳು.

ಇಷ್ಟೆಲ್ಲ ಆದರೂ ಸರ್ ಉಚ್ಚಿಲಕ್ಕೆ ಹೋಗಿ ಸಹಿ ಕೇಳುತ್ತಿದ್ದರೇ ಎಂದರೆ, ಇಲ್ಲ. ಹೋಗುವುದನ್ನು ಬಿಡಲಿಲ್ಲ, ಕೇಳಲೂ ಇಲ್ಲ. ಪಡುಬಿದ್ರಿ ಕಡೆ ಯಾವ ಕೆಲಸವಿದ್ದರೂ ಬರುವಾಗ ಕಾರು ತಾನಾಗಿ ಆ ಮನೆಯ ಕಡೆ ತಿರುಗುತ್ತಿತ್ತು. ಹೋಗಿ ಜಗಲಿಯಲ್ಲಿ ಕೂರುವುದು, ಬೆಲ್ಲ ನೀರು ಕುಡಿಯುವುದು, ಆ ಕಡೆ ಈ ಕಡೆಯ ಮಾತು. ಸುಗಂಧಿ ಆಗ ಮಲ್ಪೆಯಿಂದ ಮೀನು ತಂದು ಮನೆಮನೆಗೆ ಮಾರಲು ಶುರು ಮಾಡಿದ್ದಳು. ಬಂಗುಡೆಗೆ ಈಗ ರೇಟು ಹೇಗೆ, ಅಂಜಲು ಬರ್ತಾ ಉಂಟಾ ಎಂದು ಸರ್ ವಿಚಾರಿಸುತ್ತಿದ್ದರು. ಅವಳು ಹೇಳುತ್ತಿದ್ದಳು. ಜೀವಮಾನದಲ್ಲಿ ಮೀನು ಮುಟ್ಟದ ಮನುಷ್ಯ ತಲೆಯಾಡಿಸಿ, "ಅಷ್ಟಾಯ್ತಾ," ಎನ್ನುತ್ತಿದ್ದರು.

ಒಂದು ಸಲ ನಾವು ಹೋದಾಗ ಸುಗಂಧಿ ಇನ್ನೂ ಮಾರಾಟದಿಂದ ಬಂದಿರಲಿಲ್ಲ. ಮುದುಕಿ ಒಬ್ಬಳೇ ಜಗಲಿಯಲ್ಲಿ ಕೂತು ಹಿಡಿಸೂಡಿ ಪೊರಕೆಗೆಂದು ತೆಂಗಿನ ಗರಿಯಿಂದ ಕಡ್ಡಿ ತೆಗೆಯುತ್ತಿದ್ದಳು. ಬೆಲ್ಲ ನೀರು ಕೊಟ್ಟು ಪುನಃ ಕೂತವಳು, ತಲೆ ಎತ್ತದೆಯೇ ಮಾತು ತೆಗೆದಳು.

"ಸರ್, ಅವನು ಇಲ್ಲ. ಬಿದ್ದ ದಿನವೇ ನನಗೆ ಗೊತ್ತಾಗಿದೆ. ಆದರೆ ಇವಳ ಎದುರಿಗೆ ಹೇಳುವುದು ಹೇಗೆ? ತಾಯಿಯೇ ಮಗನನ್ನು ಬಿಟ್ಟುಕೊಟ್ಟಳು ಅಂತ ಆಗ್ತದೆ. ಇವಳು ಅವನು ಬರ್ತಾನೆ ಅಂತ ಅದೇ ಧೈರ್ಯದಲ್ಲಿ ಬದುಕ್ತಾ ಇದ್ದಾಳೆ. ನಾನು ಹೇಳಿದೆ ಅಂತ ನೀವು ಹೇಳಬೇಡಿ."

ಇಲ್ಲ ಎಂದರು ಸರ್.

ಅದಾಗಿ ಸ್ವಲ್ಪ ಸಮಯದ ಮೇಲೆ ಇನ್ನೊಮ್ಮೆ ಹೋಗಿ ಬರುವಾಗ ಸುಗಂಧಿ ನಮ್ಮನ್ನು ಕಳಿಸಿಕೊಡಲು ಕಾರಿನ ಹತ್ತಿರ ಬಂದಳು. ಕಿಟಕಿಯ ಗಾಜಿನ ಮೇಲೆ ಕೈಯಿಟ್ಟು, "ಸರ್, ನೀವು ಎಂತಕ್ಕೆ ಬರ್ತೀರಿ ಅಂತ ನನಗೆ ಗೊತ್ತುಂಟು," ಎಂದಳು. "ಅವರು ಬರುವುದಿಲ್ಲ ಅಂತಲೂ ಗೊತ್ತುಂಟು. ಅತ್ತೆ ದಿನಾ ಅನ್ನ ಬಡಿಸುವಾಗ ಒಂದು ಬಟ್ಟಲು ಹೆಚ್ಚು ಇಡ್ತಾರೆ. ಅದನ್ನು ನೋಡಿ ನಾನು ಹೇಗೆ ಸಹಿ ಹಾಕುವುದು? ಅತ್ತೆ ಇರುವವರೆಗೆ ನನ್ನಿಂದ ಆಗುವುದಿಲ್ಲ. ಅವರಲ್ಲಿ ಹೇಳಬೇಡಿ."

ಇಲ್ಲ ಎಂದರು ಸರ್.

ಕಾರು ಕಾಪು ದಾಟಿದ ಮೇಲೆ ಸರ್, "ಇದು ಯಾವ ಬಣ್ಣ?" ಎಂದು ಕೇಳಿದರು.

ಕೆಲವು ವಾರ ಅವರು ಬೋರ್ಡಿನ ಮುಂದೆ ಊಟದ ಡಬ್ಬಿ ಬಿಚ್ಚಿ ಸುಮ್ಮನೆ ಕೂರುತ್ತಿದ್ದರು. ಆಮೇಲೊಂದು ದಿನ ಮಧ್ಯಾಹ್ನ ಕಳೆದ ಮೇಲೆ, "ಬಾ, ಹೋಗಿ ಬರುವ," ಎಂದರು. ಸಂಜೆಗೆ ದಾರಿಯಲ್ಲೇ ಉಣ್ಣಬಹುದೆಂದು ಡಬ್ಬಿಯನ್ನೂ ಜೊತೆಗೆ ಹಿಡಿದುಕೊಂಡರು.

ಅತ್ತೆ ಸೊಸೆ ಇಬ್ಬರೂ ಮನೆಯಲ್ಲಿದ್ದರು. ಬೆಲ್ಲ ನೀರು ಬಂತು. ಸರ್ ಕುಡಿಯಲಿಲ್ಲ. ಬಂಗುಡೆಯ ವಿಷಯವನ್ನೂ ಕೇಳಲಿಲ್ಲ.

"ನನಗೊಂದು ತೊಂದರೆ ಆಗಿದೆ," ಎಂದರು.

ಇಬ್ಬರೂ ಅವರ ಮುಖ ನೋಡಿದರು.

"ನೀವಿಬ್ಬರೂ ನನ್ನಲ್ಲಿ ಒಂದೊಂದು ಮಾತು ಹೇಳಿದ್ದೀರಿ. ಇನ್ನೊಬ್ಬರಲ್ಲಿ ಹೇಳಬೇಡಿ ಅಂತಲೂ ಹೇಳಿದ್ದೀರಿ. ನಾನು ಹೇಳ್ಲಿಲ್ಲ. ಆದರೆ ನಾನು ಮರೆಯುವ ಮನುಷ್ಯ. ಯಾರು ಹೇಳಿದ್ದು ಯಾವುದು ಅಂತ ಈಗ ನನಗೆ ಗೊಂದಲ ಆಗ್ತಾ ಉಂಟು. ಯಾಕಂದ್ರೆ ಎರಡೂ ಒಂದೇ ಮಾತು. ತಪ್ಪಿ ನನ್ನ ಬಾಯಿಂದ ಬರುವ ಮೊದಲು ನೀವೇ ಹೇಳಿಕೊಂಡರೆ ಒಳ್ಳೆಯದು. ನಾವು ಹೊರಗೆ ಬಾವಿಯ ಹತ್ತಿರ ಇರ್ತೇವೆ."

ಅಷ್ಟು ಹೇಳಿ ಎದ್ದರು. ನಾನೂ ಎದ್ದೆ. ಬಾವಿಯ ಹತ್ತಿರ ಒಗೆದ ಬಟ್ಟೆಗಳು ಒಣಗುತ್ತಿದ್ದವು. ಸಮುದ್ರ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಇತ್ತು.

"ನಾನು ಮಾಡಿದ್ದು ಸರಿಯಾ?" ಎಂದು ಸರ್ ಕೇಳಿದರು.

"ಗೊತ್ತಿಲ್ಲ ಸರ್," ಎಂದೆ.

"ನನಗೂ ಗೊತ್ತಿಲ್ಲ."

ಆಮೇಲೆ ಒಳಗೆ ಅಳು ಕೇಳಿಸಿತು. ಮೊದಲು ಮುದುಕಿಯದು. ಸ್ವಲ್ಪ ಹೊತ್ತಿನ ನಂತರ ಎರಡೂ ಸ್ವರ ಸೇರಿ, ಯಾರದ್ದು ಯಾವುದೆಂದು ಗೊತ್ತಾಗದ ಹಾಗಾಯಿತು. ಅಳುವಿನ ನಡುವೆ ಮಾತೂ ಇತ್ತು. ಅದನ್ನು ಕೇಳಬಾರದೆಂದು ನಾನು ಬಟ್ಟೆಗಳ ಆಚೆಗೆ ಹೋಗಿ ನಿಂತೆ. ಸರ್ ಬಾವಿಯ ಕಟ್ಟೆಯ ಮೇಲೆ ಕೂತಿದ್ದರು. ಡಬ್ಬಿ ಕಾರಿನಲ್ಲಿತ್ತು. ಬಿಸಿಲು ತೆಂಗಿನ ಬುಡದಿಂದ ಮೇಲಕ್ಕೆ ಏರಿ ಗರಿಗಳಲ್ಲಿ ಸ್ವಲ್ಪ ಹೊತ್ತು ನಿಂತು ಹೋಯಿತು. ನಾನು ಡಬ್ಬಿ ತರಲೇ ಎಂದು ಸನ್ನೆ ಮಾಡಿದೆ. ಅವರು ಬೇಡವೆಂದು ತಲೆಯಾಡಿಸಿದರು. ಒಳಗೆ ಹಾಗೆ ನಡೆಯುತ್ತಿರುವಾಗ ಹೊರಗೆ ಕೂತು ಉಣ್ಣುವುದು ಅವರಿಂದ ಆಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಸುಗಂಧಿ ಬಾಗಿಲಿಗೆ ಬಂದಳು. ಮುಖ ತೊಳೆದಿದ್ದಳು. "ನೀವು ಹೋಗಿ ಸರ್. ಕತ್ತಲಾಯ್ತು," ಎಂದಳು. "ನಾವು ಆಫೀಸಿಗೆ ಬರ್ತೇವೆ."

ಆ ದಿನ ಸರ್ ಉಪವಾಸ. ನನ್ನನ್ನು ಅಂಬಲಪಾಡಿಯಲ್ಲಿ ಇಳಿಸುವಾಗ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಹಾಳಾಗುವುದು ಬೇಡ," ಎಂದರು. ಬೆಂಡೆಕಾಯಿ ಪಲ್ಯ ಇತ್ತು.

ಕೆಲವು ದಿನಗಳ ಮೇಲೆ ಅತ್ತೆ ಸೊಸೆ ಇಬ್ಬರೂ ಬಂದರು. ಮುದುಕಿ ಮಾಳಿಗೆಯ ಮೆಟ್ಟಿಲು ಹತ್ತಲು ನನ್ನ ಕೈ ಹಿಡಿದುಕೊಂಡಳು. ಕೂತ ಮೇಲೆ ಸುಗಂಧಿ ಬೋರ್ಡಿನ ಕಡೆ ನೋಡಿ ಕೇಳಿದಳು:

"ಇದರಲ್ಲಿ ನಮ್ಮದು ಉಂಟಾ ಸರ್?"

ಸರ್ ಎದ್ದು ಹೋಗಿ ಮೇಲಿನ ಸಾಲಿನ ಎಡಗಡೆಯ ಚೌಕದ ಕೆಳಗೆ ಬೆರಳಿಟ್ಟರು. "ಇದು. ಹೆಸರು ಹಾಕುವುದಿಲ್ಲ. ನಂಬರ್ ಮಾತ್ರ."

"ಯಾವಾಗಿನಿಂದ ಇಲ್ಲಿ ಉಂಟು?"

"ಮೊದಲಿನಿಂದಲೂ."

"ತೆಗೀಲೇ ಇಲ್ಲವಾ?"

"ನೀವು ಹೇಳ್ಲಿಲ್ಲ ಅಲ್ವಾ," ಎಂದರು ಸರ್.

ಮುದುಕಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಕುತ್ತಿಗೆ ಎತ್ತಿ ಆ ಚೌಕವನ್ನೇ ನೋಡುತ್ತಿದ್ದಳು. "ಮನೆಯಲ್ಲಿ ನಾವು ಅವನ ಫೋಟೋ ಇನ್ನೂ ಹಾಕಿಲ್ಲ," ಎಂದಳು. "ಇಲ್ಲಿ ಇವರು ಹಾಕಿದ್ದಾರೆ."

ಸರ್ ಕನ್ನಡಕ ಹುಡುಕಿದರು. ಅದು ಅವರ ಮೂಗಿನ ಮೇಲೇ ಇತ್ತು. ಸುಗಂಧಿ ಕಾಗದವನ್ನು ಮತ್ತೊಮ್ಮೆ ಪೂರ್ತಿ ಓದಿ, ಸಾವಕಾಶವಾಗಿ, ಅಕ್ಷರ ಬಿಡಿಸಿ ಬಿಡಿಸಿ ಸಹಿ ಮಾಡಿದಳು.

ಅದರ ನಂತರವೂ ಕಂಪನಿಯವರು ಅದು ಇಲ್ಲ ಇದು ಇಲ್ಲ ಎಂದು ಕೇಳಿದರು. ಸರ್ ಮಂಗಳೂರಿಗೆ ಹೋಗಿ ಏರಿಯಾ ಮ್ಯಾನೇಜರರ ಎದುರಿನ ಕುರ್ಚಿಯಲ್ಲಿ ಕೂತರು. ಮಾತಾಡಿದರೋ ಸುಮ್ಮನೆ ಕೂತರೋ ಗೊತ್ತಿಲ್ಲ. ಸಂಜೆಯ ಡಬ್ಬಿಯನ್ನು ಅಲ್ಲೇ ಬಿಚ್ಚಿದರಂತೆ. ಕ್ಲೇಮು ಮಂಜೂರಾಯಿತು. ಮುದುಕಿ ಇರುವಾಗಲೇ, ಅವಳ ಕಣ್ಣೆದುರಿಗೇ ಮಗನ ಕ್ರಿಯಾಕರ್ಮಗಳೆಲ್ಲ ಆದವು. ಫೋಟೋವನ್ನೂ ಹಾಕಿದರು. ಸುಗಂಧಿ ಮನೆಮನೆಗೆ ಹೊತ್ತು ಮಾರುವುದನ್ನು ಬಿಟ್ಟು ಹೆದ್ದಾರಿಯ ಹತ್ತಿರ ಸಣ್ಣದೊಂದು ಒಣಮೀನಿನ ಅಂಗಡಿ ಹಾಕಿಕೊಂಡಳು.

ಆ ಚೌಕ ಹಸಿರಾಗಿ, ಒಂದು ದಿನ ಇದ್ದು, ಮಾಯವಾಯಿತು. ಮುಗಿದದ್ದನ್ನು ಬೋರ್ಡು ಇಟ್ಟುಕೊಳ್ಳುವುದಿಲ್ಲ. ಅಂದು ಪರದೆಯ ಮೇಲೆ ಒಂದೂ ಕೆಂಪು ಇರಲಿಲ್ಲ. ನಾವೆಲ್ಲ ಫೋಟೋ ತೆಗೆದುಕೊಂಡೆವು. ಸರ್ ಊಟಕ್ಕೆ ಕೂತವರು ನಾಲ್ಕೂ ಕಡೆ ಕಣ್ಣಾಡಿಸಿ, "ಈಗ ಎಂತ ನೋಡುವುದು?" ಎಂದರು. ಅದೃಷ್ಟಕ್ಕೆ ಮರುದಿನ ಬೆಳಿಗ್ಗೆ ಕಾಪುವಿನ ಏಜೆಂಟನ ಕಡೆಯಿಂದ ಹೊಸ ಕೆಂಪು ಬಂತು. ಸರ್ ಮುಖಕ್ಕೆ ಕಳೆ ಬಂತು.

ಥೈಲ್ಯಾಂಡ್ ಆಗಲಿಲ್ಲ. ಆ ವರ್ಷದಿಂದ ಕಂಪನಿ ಆ ಯೋಜನೆಯನ್ನೇ ನಿಲ್ಲಿಸಿತು.

ಕೆಲವು ವರ್ಷಗಳ ಹಿಂದೆ ಸರ್ ಏಜೆನ್ಸಿಯನ್ನು ಬೇರೆಯವರಿಗೆ ವಹಿಸಿಕೊಟ್ಟು ಕಾರ್ಕಳದ ಮನೆಯಲ್ಲೇ ಉಳಿದರು. ಈಗಿನವರು ಬೋರ್ಡನ್ನು ಒಳಗಿನ ಕೋಣೆಗೆ ಹಾಕಿದ್ದಾರೆ. ಗಿರಾಕಿಗಳಿಗೆ ಕಾಣುವ ಗೋಡೆಯಲ್ಲಿ ನಗುವ ಕುಟುಂಬವೊಂದರ ಚಿತ್ರ ಇದೆ. ನಾನು ಅಲ್ಲೇ ಇದ್ದೇನೆ. ಸರ್ ಒಮ್ಮೊಮ್ಮೆ ಫೋನ್ ಮಾಡಿ, "ಕೆಂಪು ಎಷ್ಟುಂಟು?" ಎಂದು ವಿಚಾರಿಸುತ್ತಿದ್ದರು. ಹೇಳಿದರೆ ತೃಪ್ತಿಯಿಂದ ಇಡುತ್ತಿದ್ದರು.

ಅವರು ತೀರಿಹೋದ ಸುದ್ದಿ ಬಂದಾಗ ನಾನು ಸುಗಂಧಿಗೆ ಫೋನ್ ಮಾಡಿ ತಿಳಿಸಿದೆ. "ನಾನೂ ಬರ್ತೇನೆ ಅಕ್ಕ. ಕಾರ್ಕಳ ಬಸ್ ಸ್ಟ್ಯಾಂಡಿನಲ್ಲಿ ಕಾಯಿರಿ," ಎಂದಳು. ಅವಳ ಅತ್ತೆ ಈಗ ಇಲ್ಲ.

ಮನೆಯಲ್ಲಿ ಜನ ಕಡಿಮೆಯಾಗಿದ್ದ ದಿನ ನಾವು ಹೋದೆವು. ಸರ್ ಹೆಂಡತಿ ಒಳಗೆ ಕರೆದು ಕೂರಿಸಿದರು. ನನ್ನ ಪರಿಚಯ ಅವರಿಗೆ ಇತ್ತು. ಸುಗಂಧಿಯ ಕಡೆ ನೋಡಿ, ಇವರು ಯಾರು ಎಂಬಂತೆ ನನ್ನ ಮುಖ ನೋಡಿದರು.

"ನಾನು ಉಚ್ಚಿಲದವಳು," ಎಂದು ಸುಗಂಧಿಯೇ ಹೇಳಿದಳು. "ನನ್ನ ಗಂಡನ ಕ್ಲೇಮು ಮಾಡಿಸಿಕೊಟ್ಟದ್ದು ಸರ್. ಅದು ಮುಗಿದ ಮೇಲೂ ಬರ್ತಿದ್ದರು."

"ಮುಗಿದ ಮೇಲೂ?" ಎಂದೆ ನಾನು. ನನಗೆ ಇದು ಹೊಸ ಸಂಗತಿ.

"ಬರ್ತಿದ್ದರು ಅಕ್ಕ. ರಿಟೈರ್ ಆದ ಮೇಲೂ. ಬಸ್ಸಿನಲ್ಲಿ ಬರ್ತಿದ್ದರು. ಕಳೆದ ಮಳೆಗಾಲಕ್ಕೆ ಮೊದಲು ಕೂಡ ಬಂದಿದ್ದರು."

"ಎಂತಕ್ಕೆ?"

"ಎಂತಕ್ಕೂ ಇಲ್ಲ. ಅಂಗಡಿಯ ಹತ್ತಿರ ಬೆಂಚಿನಲ್ಲಿ ಕೂತು ನಮ್ಮ ತೆಂಗಿನ ಒಂದು ಬೊಂಡ ಕುಡೀತಿದ್ದರು. ಅತ್ತೆ ಇರುವಷ್ಟು ದಿನ ಅವರಲ್ಲಿ ಮಾತಾಡ್ತಿದ್ದರು. ಆಮೇಲೆ ನನ್ನಲ್ಲಿ. ವ್ಯಾಪಾರ ಇದ್ದರೆ ಸುಮ್ಮನೆ ಕೂತು ಹೋಗ್ತಿದ್ದರು."

ಸರ್ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳುತ್ತಿದ್ದರು.

"ನನ್ನಲ್ಲಿ ಪೇಟೆಗೆ ಹೋಗಿ ಬರ್ತೇನೆ ಅಂತ ಹೇಳ್ತಿದ್ದರು," ಎಂದರು. "ಇಷ್ಟು ಸಣ್ಣ ಪೇಟೆ. ಅಷ್ಟು ಹೊತ್ತು ಎಂತ ಮಾಡ್ತಾರೆ ಅಂತ ನಾನು ಕೇಳ್ಲಿಲ್ಲ. ಎಲ್ಲಿಗೆ ಹೊರಟದ್ದು ಅಂತ ಮರೆತು ಕೂತಿರ್ತಾರೆ ಅಂತ ಗ್ರಹಿಸಿದ್ದೆ."

ಹೊರಗೆ ಯಾರೋ ಬಂದ ಸದ್ದಾಯಿತು. ಅವರು ಏಳಲಿಲ್ಲ. ಸುಗಂಧಿಯ ಕಡೆ ಸ್ವಲ್ಪ ಸರಿದು ಕೂತರು.

"ನಿಮ್ಮಲ್ಲಿ ಬೊಂಡ ಸಿಹಿ ಉಂಟಾ?"

"ಇಲ್ಲಮ್ಮ. ಸ್ವಲ್ಪ ಉಪ್ಪುಪ್ಪು," ಎಂದಳು ಸುಗಂಧಿ. "ಸಮುದ್ರದ ಹತ್ತಿರ ಅಲ್ವಾ."